ಕೂದಲೆಳೆಯಷ್ಟು ಸುಳ್ಳು

ಮೂರು ಗುಡ್ಡಗಳ ಮೇಲೆ ಸಿಡಿಲು ಪತ್ತೆಹಚ್ಚುವ ಮೂರು ಕಂಬಗಳಿದ್ದವು. ಸಿಡಿಲಿನ ಅಲೆ ತಮ್ಮನ್ನು ಮುಟ್ಟಿದ ಗಳಿಗೆಯನ್ನು ಮೂರೂ ಕೂಗಿ ಹೇಳಿದರೆ, ಕುರಿಮಂದೆಯ ನಾಯಿ ಲೆಕ್ಕಹಾಕಿ ಅದು ಬಿದ್ದ ಜಾಗವನ್ನು ತಿಳಿಯುತ್ತಿತ್ತು. ಮೂಡಲ ಗುಡ್ಡದ ಹಿರಿಯ ಕಂಬಕ್ಕೆ ಕಿರಿಯರಿಗಿಂತ ಹಿಂದೆ ಬೀಳುವುದೆಂದರೆ ಅವಮಾನ. ಅಂದು ಪಡುವಲಲ್ಲಿ ಸಿಡಿಲು ಬಿದ್ದಾಗ, ಅಲೆ ಉಳಿದವರಿಗಿಂತ ಕೂದಲೆಳೆಯಷ್ಟು ಮೊದಲೇ ತನ್ನನ್ನು ಮುಟ್ಟಿತೆಂದು ಅದು ಸುಳ್ಳು ಗಳಿಗೆ ಕೂಗಿತು.

"ಅಣ್ಣಾ, ನನಗಿಂತ ಮೊದಲೇ ನಿನಗೆ ಹೇಗೆ ಮುಟ್ಟೀತು?" ಎಂದಿತು ಪಡುವಲ ಕಂಬ.

"ನಿನ್ನ ಕಿವಿ ಮಂದ ಕಣೋ!"

ಸಿಡಿಲು ಮೂಡಲಲ್ಲೆಂದು ನಂಬಿದ ನಾಯಿ ಮಂದೆಯನ್ನು ಪಡುವಲಿಗೆ ಅಟ್ಟಿತು. ಅಲ್ಲೇ ಮರುಸಿಡಿಲು ಎರಗಿತು. ಹಿರಿಯ ಕಂಬ ಬೆಚ್ಚಿಬಿದ್ದು ನೋಡಿತು, ಹುಲ್ಲುಗಾವಲೆಲ್ಲ ಹೊಗೆ.

ಹೊಗೆಯೊಳಗಿಂದ ನಾಯಿ ಏದುಸಿರು ಬಿಡುತ್ತ ಓಡಿಬಂತು. "ಹಿರಿಯಣ್ಣಾ, ಮೂರೇ ಮರಿ ಉಳಿದಿವೆ. ಎತ್ತ ಕರೆದೊಯ್ಯಲಿ? ನೀನು ಹೇಳಿದ ಕಡೆಗೇ ಹೋಗುತ್ತೇನೆ."