ಚೀಲ ಮುಳುಗುವ ಹೊತ್ತು

"ಬುದ್ಧಿ, ಪಾಠದ ನಡುವೆ ಮಕ್ಕಳನ್ನು ಎಬ್ಬಿಸಿ ಕುಣಿಸುವವನನ್ನು ಮೇಷ್ಟ್ರು ಅನ್ನಬೇಕೋ, ಕೋಡಂಗಿ ಅನ್ನಬೇಕೋ?"

ಮಠದ ಜಗಲಿ ಹತ್ತುವ ಮೊದಲೇ ಮರುಳಯ್ಯ ಈ ಪ್ರಶ್ನೆ ಎಸೆದ. ಅವನು ಗುರುಗಳ ಹಳೆಯ ಶಿಷ್ಯ. ಈಗ ಮಠದ ಪಾಠಶಾಲೆಯಲ್ಲೇ ಮಕ್ಕಳಿಗೆ ಓದು, ಬರಹ, ಮಗ್ಗಿ ಹೇಳಿಕೊಡುತ್ತಿದ್ದ. ಸಿಟ್ಟಿನಿಂದ ಅವನ ಮೂಗಿನ ಹೊಳ್ಳೆ ಅರಳಿತ್ತು. ತರಗತಿಯಿಂದ ಎದ್ದವನು ಎದ್ದ ಹಾಗೇ ಬಂದಿದ್ದ, ಕೈಯಲ್ಲಿದ್ದ ಬೆತ್ತವನ್ನೂ ಕೆಳಗಿಟ್ಟಿರಲಿಲ್ಲ.

"ಯಾರಯ್ಯ ಅದು ಕೋಡಂಗಿ?" ಎಂದರು ಗುರುಗಳು.

"ಇನ್ಯಾರು, ಆ ಸಂಗಯ್ಯ! ನನ್ನ ಪಕ್ಕದ ಅಂಕಣದಲ್ಲಿ ಪಾಠ ಹೇಳ್ತಾನಲ್ಲ, ಅವನೇ. ಮಗ್ಗಿ ಇನ್ನೂ ಅರ್ಧ ಆಗಿರುತ್ತೆ, ಸಾಕು ಏಳಿ ಅಂತಾನೆ. ಮಕ್ಕಳೆಲ್ಲ ಓಡಿಹೋಗಿ ಹೊಂಗೆಮರ ಸುತ್ತಿ ಬರಬೇಕಂತೆ. ಕಾಗೆ ಹಾಗೆ ಕೂಗಬೇಕಂತೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಕೂತು ಮತ್ತೆ ಮಗ್ಗಿ. ದಿನಕ್ಕೆ ಎಷ್ಟು ಸಲ ಈ ಕುಣಿತ! ನಾನು ಬೆಳಗಿನಿಂದ ಒಂದೇ ಸಮನೆ ಗಂಟಲು ಹರ್ಕೊಳ್ತೀನಿ. ಮಕ್ಕಳನ್ನ ಅಲ್ಲಾಡೋಕೂ ಬಿಡಲ್ಲ. ಆದರೂ ಸಂಜೆ ಕೇಳಿದರೆ ಒಬ್ಬನ ತಲೆಯಲ್ಲೂ ಏನೂ ಉಳಿದಿರಲ್ಲ. ಬೆತ್ತ ಸವೆದುಹೋಯ್ತು, ಮಗ್ಗಿ ಮಾತ್ರ ಬರಲಿಲ್ಲ. ಇವತ್ತೂ ಅಂಗೈ ಊದೋ ಹಾಗೆ ಕೊಟ್ಟು ಬಂದಿದೀನಿ. ಎಲ್ಲ ಆ ಸಂಗಯ್ಯನಿಂದ! ನನ್ನ ಹುಡುಗರ ಕಣ್ಣೆಲ್ಲ ಅವನ ಕಡೆಗೆ. ಅವನನ್ನ ಇವತ್ತೇ ಕಳಿಸಿಬಿಡಿ, ಬುದ್ಧಿ. ಇಲ್ಲಿ ಅವನಿರಬೇಕು, ಇಲ್ಲ ನಾನಿರಬೇಕು."

ಮಾತು ಅಲ್ಲಿಗೆ ಬಂದು ನಿಂತಿತು. ಸಂಗಯ್ಯ ಹೊಸಬ. ಮಠ ಬಿಟ್ಟರೆ ಅವನಿಗೆ ಬೇರೆ ನೆಲೆ ಇರಲಿಲ್ಲ. ಅದು ಮರುಳಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಕೇಳಿದ್ದ.

"ಕೂತುಕೋ" ಎಂದರು ಗುರುಗಳು. "ಒಂದು ಕತೆ ಹೇಳ್ತೀನಿ. ಕೇಳಿ, ತೀರ್ಪು ನೀನೇ ಕೊಡು. ನೀನು ಏನು ಹೇಳ್ತೀಯೋ ಹಾಗೇ ಮಾಡೋಣ."

ಮರುಳಯ್ಯ ಗೆದ್ದೆ ಅಂದುಕೊಂಡ. ಬೆತ್ತವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರೈತ. ಅವನಿಗೆ ಒಂದು ಕಪಿಲೆ ಬಾವಿ, ಒಂದು ಜೊತೆ ಎತ್ತು, ಬಾವಿಯ ಕೆಳಗೆ ಆಗಷ್ಟೇ ನೆಟ್ಟ ಎಲೆಬಳ್ಳಿ ತೋಟ. ಕಪಿಲೆ ಹೊಡೆಯುವುದು ನಿನಗೆ ಗೊತ್ತಲ್ಲ? ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಹಗ್ಗ ಎಳೆದು ತೊಗಲಿನ ಚೀಲ ಬಾವಿಯಿಂದ ಮೇಲೆ ಬರುತ್ತದೆ, ನೀರು ತೊಟ್ಟಿಗೆ ಬೀಳುತ್ತದೆ. ಎತ್ತುಗಳು ಹಿಂದಕ್ಕೆ ಹೆಜ್ಜೆ ಇಡುತ್ತ ದಿಬ್ಬ ಹತ್ತಿದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ.

ರೈತನ ಅಪ್ಪ ಇರುವ ತನಕ ಅಲ್ಲಿ ಒಂದು ಪದ್ಧತಿ ಇತ್ತು. ಎತ್ತುಗಳು ಹಿಂದೆ ಸರಿದು ದಿಬ್ಬದ ಮೇಲೆ ನಿಂತ ಕೂಡಲೇ ಆ ಮುದುಕ ಒಂದು ನುಡಿ ಪದ ಹಾಡುತ್ತಿದ್ದ. ಪದ ಮುಗಿಯುವ ತನಕ ಎತ್ತುಗಳನ್ನು ಮುಟ್ಟುತ್ತಿರಲಿಲ್ಲ. ಅವು ಬಾಲ ಬೀಸುತ್ತ ಉಸಿರು ಬಿಡುತ್ತಿದ್ದವು. ಪದ ಮುಗಿದದ್ದೇ ತಡ, ಯಾರೂ ಅಟ್ಟದೆ ತಾವೇ ಕೆಳಕ್ಕೆ ಹೆಜ್ಜೆ ಹಾಕುತ್ತಿದ್ದವು.

ಅಪ್ಪ ಸತ್ತ. ಮಗ ಬಾರುಕೋಲು ಹಿಡಿದ. ಇವನು ದುಡಿಮೆಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ಮನೆ ನಿಂತದ್ದು ಏನೇ ಕಂಡರೂ ಅವನಿಗೆ ಮೈ ಉರಿಯುತ್ತಿತ್ತು. "ಎತ್ತು ಕಟ್ಟಿರೋದು ಎಳೆಯೋಕೆ, ಪದ ಕೇಳೋಕಲ್ಲ" ಎಂದು ಹಾಡು ನಿಲ್ಲಿಸಿಬಿಟ್ಟ. ಎತ್ತುಗಳ ಹಿಂಗಾಲು ದಿಬ್ಬ ಮುಟ್ಟುತ್ತಲೇ ಬಾರುಕೋಲು ಬೀಸಿ ಕೆಳಕ್ಕೆ ಅಟ್ಟಿದ. ಬೆಳಗಿನಿಂದ ಸಂಜೆಯ ತನಕ ಬಾವಿಯ ಮೇಲಿನ ಗಾಲಿ ಕಿರುಗುಟ್ಟುವುದು ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವವರು, ಅವರಿಗೇನು ಗೊತ್ತು, ಭೇಷ್ ಭೇಷ್ ಎಂದರು. ಇವನು ಉಬ್ಬಿಹೋದ.

ಇಲ್ಲಿಗೆ ಬಂದು ಗುರುಗಳು ಕತೆ ನಿಲ್ಲಿಸಿದರು. "ಬಾಯಿ ಒಣಗಿತಯ್ಯ. ಹೋಗಿ ಒಂದು ತಂಬಿಗೆ ನೀರು ತಾ."

ಮರುಳಯ್ಯನಿಗೆ ರೇಗಿತು. ಕತೆ ಕುದುರುವ ಹೊತ್ತಿಗೆ ನೀರೇ? ಆದರೂ ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದ. ಹಿತ್ತಲಿಗೆ ಹೋಗಿ ತಂಬಿಗೆ ತುಂಬಿದ, ತನ್ನ ಮುಖಕ್ಕೂ ಒಂದಿಷ್ಟು ನೀರು ಎರಚಿಕೊಂಡ, ಸೊಂಟ ನೆಟ್ಟಗೆ ಮಾಡಿಕೊಂಡು ಬಂದ. ಬಂದವನು ಕೂರುವ ಮೊದಲೇ ಕೇಳಿದ, "ಆಮೇಲೆ, ಬುದ್ಧಿ? ತೋಟಕ್ಕೆ ನೀರು ಹೆಚ್ಚು ಹರೀತಾ?"

"ಎಲ್ಲಿ ಹರಿಯುತ್ತೆ!" ಎಂದರು ಗುರುಗಳು. ಅವರ ದನಿ ಈಗ ಏರಿತ್ತು.

ರೈತನ ಹೆಂಡತಿ ತೋಟದ ಕೊನೆಯಲ್ಲಿ ನಿಂತು ಮಡಿಗಳಿಗೆ ನೀರು ತಿರುಗಿಸುತ್ತಿದ್ದಳು. ಮೊದಲು ಕಾಲುವೆ ತುಂಬಿ ಬರುತ್ತಿದ್ದ ನೀರು ಈಗ ತಳದಲ್ಲಿ ತೆವಳಿಕೊಂಡು ಬಂತು. ಕೊನೆಯ ಸಾಲಿಗೆ ಬರಲೇ ಇಲ್ಲ. ಬಳ್ಳಿಯ ಕುಡಿಗಳು ಬಾಡಿ ಜೋತುಬಿದ್ದವು. ಅವಳು ಕೂಗಿ ಹೇಳಿದಳು. ರೈತ ಬಾವಿಗೆ ಬಗ್ಗಿ ನೋಡಿದ, ನೀರು ಇದ್ದಷ್ಟೇ ಇತ್ತು. ಚೀಲ ತಿರುವಿ ನೋಡಿದ, ತೂತು ಇರಲಿಲ್ಲ. ಹಗ್ಗ ಗಟ್ಟಿಯಾಗಿತ್ತು. ಎಲ್ಲವನ್ನೂ ನೋಡಿದ, ತನ್ನನ್ನು ಒಬ್ಬನನ್ನು ಬಿಟ್ಟು! ಕೊನೆಗೆ ಎತ್ತುಗಳ ಮೇಲೆ ತಿರುಗಿದ. "ಮೈಗಳ್ಳತನ ಮಾಡ್ತೀರಾ? ತಿನ್ನೋದು ಹೊಟ್ಟೆ ತುಂಬ, ತರೋದು ಅರ್ಧ ಚೀಲವಾ?" ಎಂದು ಬಾರಿಸತೊಡಗಿದ. ಚೀಲ ಅರೆಬರೆ ತುಂಬಿ ಬಂದಾಗಲೆಲ್ಲ ಏಟು. ಎಡಗಡೆಯದು ಇನ್ನೂ ಎಳೆಯ ಎತ್ತು. ಅದರ ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಬಾಸುಂಡೆ ಒಡೆದು ರಕ್ತ ಬಂತು, ನೊಣ ಮುತ್ತಿದವು. ಅವನು ಕೈ ಇಳಿಸಲಿಲ್ಲ. ಒಂದು ದಿನ ಅದು ಇಳಿಜಾರಿನ ನಡುವೆ ಮಂಡಿಯೂರಿ ಕುಸಿಯಿತು. ಬಡಿದರೂ ಏಳಲಿಲ್ಲ. ಅವನು ಆಗಲೂ ಬಡಿದ.

ಹೆಂಡತಿ ಗುದ್ದಲಿ ಬಿಸಾಕಿ ಓಡಿ ಬಂದಳು. ಎತ್ತಿನ ಬೆನ್ನು ನೋಡಿದಳು. "ಅಯ್ಯೋ ಪಾಪಿ!" ಎಂದು ಕಿರುಚಿದಳು. "ಅದೇನು ತಪ್ಪು ಮಾಡಿತ್ತು ಅಂತ ಹೀಗೆ ಬಡಿದೆ? ಮಾವ ಪದ ಹೇಳ್ತಿದ್ದದ್ದು ಹೊತ್ತು ಹೋಗಲಿ ಅಂತಾನಾ? ಇಳಿಬಿಟ್ಟ ಚೀಲ ಮುಳುಗಿ ತುಂಬಬೇಕಾದರೆ ಅಷ್ಟು ಹೊತ್ತು ಬೇಕು. ಅದು ಮುಳುಗೋಕೆ ಬಿಡದೆ ಎಳೆಸಿದ್ದು ನೀನು. ಅರ್ಧ ಚೀಲ ಮೇಲೆ ಬಂದದ್ದಕ್ಕೆ ಏಟು ಇದಕ್ಕಾ?"

ಗುರುಗಳು ಅಲ್ಲಿಗೆ ನಿಲ್ಲಿಸಿ ತಂಬಿಗೆ ಎತ್ತಿ ನೀರು ಕುಡಿದರು.

ಮರುಳಯ್ಯನ ಕಣ್ಣು ಕೆಂಪಾಗಿತ್ತು. ಅವನು ಹುಟ್ಟಿ ಬೆಳೆದದ್ದು ದನಕರುಗಳ ನಡುವೆ. ಮೂಕಪ್ರಾಣಿಯ ಮೇಲೆ ಯಾರಾದರೂ ಕೈ ಎತ್ತಿದರೆ ಅವನಿಂದ ತಡೆಯಲಾಗುತ್ತಿರಲಿಲ್ಲ. ಸಂಗಯ್ಯನೂ ಹೊಂಗೆಮರವೂ ಅವನಿಗೆ ಮರೆತೇಹೋಗಿದ್ದವು.

"ಏನಯ್ಯ, ನಿನ್ನ ತೀರ್ಪು?" ಎಂದರು ಗುರುಗಳು.

"ತೀರ್ಪು ಹೇಳೋಕೆ ಇದರಲ್ಲಿ ಏನಿದೆ, ಬುದ್ಧಿ!" ಎಂದು ಮರುಳಯ್ಯ ಗುಡುಗಿದ. ಮಾತು ಮಾತಿಗೂ ಬೆತ್ತದಿಂದ ಜಗಲಿಯನ್ನು ಕುಟ್ಟಿದ. "ತಾನೇ ತುಂಬೋಕೆ ಬಿಡದೆ, ತುಂಬಿಲ್ಲ ಅಂತ ತಾನೇ ಬಡಿಯೋದಾ? ಥೂ, ಅವನ ಜನ್ಮಕ್ಕಿಷ್ಟು! ಬಾಯಿಲ್ಲದ ಜೀವ, ಎದುರು ಮಾತಾಡಲ್ಲ ಅಂತ ತಾನೇ ಅವನಿಗೆ ಅಷ್ಟು ಧೈರ್ಯ? ಬೇರೆ ಮಾತು ಆಮೇಲೆ. ಮೊದಲು ಅವನ ಕೈಯಿಂದ ಆ ಕೋಲು ಕಿತ್ಕೋಬೇಕು!"

ಗುರುಗಳು ತಂಬಿಗೆ ಕೆಳಗಿಟ್ಟು, ತಮ್ಮ ಅಂಗೈಯನ್ನು ಅವನ ಮುಂದೆ ಚಾಚಿದರು.

"ಹಾಗಾದರೆ ಇತ್ತ ಕೊಡು, ಮರುಳಯ್ಯ."