ಅರವತ್ತರಲ್ಲಿ ಹಾಕಿದ ಸೈ

ನಮ್ಮ ಪಕ್ಕದ್ಮನೆ ಚಿಕ್ಕೀರ ಹೊಸಾ ಪಿಕಪ್ ತಂದ ಕಣವ್ವ. ಸ್ಪೀಡು ಅರವತ್ತು ದಾಟಿದ್ರೆ ಸ್ಟೇರಿಂಗು ಗಡಗಡ ನಡುಗೋದು. ಟೊಮೇಟೊ ಲೋಡ್ ಹೊತ್ಕೊಂಡು ಹೋದ್ರೆ ಅವನ ಜೀವ ಬಾಯಿಗೆ ಬರೋದು. ಹೆಂಡ್ತಿ ತಾಳಿ ಹಿಡ್ಕೊಂಡೇ ಕಾಯೋಳು.

ಮೂರು ಸಲ ಶೋರೂಮಿಗೆ ಹೋದ. ಮ್ಯಾನೇಜರು, "ನಡುಗ್ತಿರೋದು ಗಾಡಿಯಲ್ಲಯ್ಯಾ, ನೀನು. ಗಾಡಿ ಸರಿಯಾಗಿದೆ ಅಂತ ಸೈ ಹಾಕು" ಅಂದ.

"ನಂಗೆ ಭಯ ಸ್ವಾಮಿ. ಮೊದ್ಲು ನೀವು ಹಾಕಿ, ಓಡೋ ಗಾಡೀಲಿ ಕೂತ್ಕೊಂಡು" ಅಂದ ಚಿಕ್ಕೀರ.

ಮ್ಯಾನೇಜರು ಕಾಗದ ಪೆನ್ನು ಹಿಡ್ಕೊಂಡು ಪಕ್ಕದಲ್ಲಿ ಕೂತ, ಚಿಕ್ಕೀರ ಗಾಡಿ ಬಿಟ್ಟ. ಹೈವೇಲಿ ಅರವತ್ತು ದಾಟ್ತು. ಪೆನ್ನು ಕಾಗದದ ಮೇಲೆ ಇರುವೆ ಥರ ಓಡ್ತು. ಮ್ಯಾನೇಜರ ಮುಖ ಸುಣ್ಣ ಬಳ್ದಂಗಾಯ್ತು.

"ನಿಲ್ಸಪ್ಪಾ, ಮನೇಲಿ ಮಕ್ಕಳಿದಾರೆ."

"ನಿಮ್ಗೂ ಮಕ್ಳು ಅವ್ರಾ ಸ್ವಾಮಿ? ನಂಗೊಬ್ಬನಿಗೇ ಅನ್ಕೊಂಡಿದ್ದೆ."

ಅವತ್ತೇ ಶೋರೂಮಿನೋರು ಗಾಡಿ ಕೆಳಗೆ ನುಗ್ಗಿ ನೋಡಿದ್ರೆ, ಚಕ್ರ ತಿರುಗ್ಸೋ ಉದ್ದನೆ ಶಾಫ್ಟೇ ಸೊಟ್ಟ. ಹೊಸದು ಹಾಕ್ಕೊಟ್ರು.

ಆ ಸೊಟ್ಟ ಸೈ ಕಾಗದಾನ ಚಿಕ್ಕೀರ ಗಾಡಿ ಮುಂದೆ, ನಿಂಬೆಹಣ್ಣು ಮೆಣಸಿನಕಾಯಿ ಜೊತೆ ದೃಷ್ಟಿಗೆ ಕಟ್ಟವ್ನೆ.