ಗುಡ್ಡದ ಮಲ್ಲಪ್ಪನೂ ಶಿವನಂಜಮ್ಮನ ಪುಡಿ ಡಬ್ಬಿಯೂ

ಕಾಯುವವನು ಮೇಲಿದ್ದಾನೆ, ಕೇಳುವವರು ಹತ್ತಿರ ಸರಿದು ಕೂತುಕೊಳ್ಳಿ. ನಗು ಬಂದರೆ ನಕ್ಕುಬಿಡಿ, ನಗುವವರನ್ನು ಕಂಡರೆ ಶಿವನಿಗೂ ಸಂತೋಷವೇ.

ಒಂದೂರಲ್ಲಿ ಶಿವನಂಜಮ್ಮ ಅಂತ ಒಬ್ಬಳು ತಾಯಿ. ಗುರುಸಿದ್ದ ಅಂತ ಅವಳಿಗೆ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರುತ್ತಾ ದಾರಿಯಲ್ಲೆಲ್ಲೋ ಕೂತುಬಿಟ್ಟಿತ್ತು. "ಲೇ, ಹಾಲಿಟ್ಟಿದೀನಿ, ನೋಡ್ತಾ ಇರು" ಅಂದರೆ ನೋಡುತ್ತಾ ಇರುತ್ತಿದ್ದ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ನೋಡುತ್ತಲೇ ಇರುತ್ತಿದ್ದ.

"ಅಯ್ಯೋ, ಉಕ್ಕಿಹೋಯ್ತಲ್ಲೋ!"

"ಹೂಂ ಅವ್ವಾ, ಪೂರ್ತಿ ನೋಡಿದೆ!"

ಗುರುಸಿದ್ದನಿಗೆ ಅವ್ವ ಹೇಳಿದ್ದು ಅಂದರೆ ಹೇಳಿದ್ದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಅವನು ಕೂಸಾಗಿದ್ದಾಗ ಒಮ್ಮೆ ಜ್ವರ ನೆತ್ತಿಗೇರಿ ಕಣ್ಣು ತೇಲಿಸಿಬಿಟ್ಟಿದ್ದ. ಶಿವನಂಜಮ್ಮ ಊರ ಪಕ್ಕದ ಗುಡ್ಡದ ಕಡೆ ತಿರುಗಿ ಸೆರಗೊಡ್ಡಿದಳು. "ಗುಡ್ಡದ ಮಲ್ಲಪ್ಪಾ, ನನ್ನ ಮಗನ್ನ ಉಳಿಸಿಕೊಡು. ಮೆಟ್ಟಿಲು ಹತ್ತಿ ನಡ್ಕೊಂಡು ಬಂದು, ನನ್ನ ಕೈಯಾರೆ ನಿನ್ನ ನೆತ್ತಿಗೆ ಒಂದು ಬಿಂದಿಗೆ ನೀರು ಹಾಕ್ತೀನಿ." ಮಲ್ಲಪ್ಪ ಉಳಿಸಿಕೊಟ್ಟ. "ಬುದ್ಧೀನೂ ಕೊಡು ಅನ್ನೋದು ಮರೆತೆ ನೋಡಿ," ಅಂತ ಅವಳು ಆಮೇಲೆ ಎಲ್ಲರ ಹತ್ತಿರವೂ ಹೇಳುತ್ತಿದ್ದಳು. "ಆ ದೇವರೂ ನನ್ನ ಮಗನ ಹಾಗೇನೆ. ಕೇಳಿದಷ್ಟೇ ಮಾಡಿದ."

ಗಂಡ ಶಿವನ ಪಾದ ಸೇರಿದ. ಶಿವನಂಜಮ್ಮ ವಿಭೂತಿ, ಕರ್ಪೂರ, ಊದಿನಕಡ್ಡಿಯ ಅಂಗಡಿ ಇಟ್ಟುಕೊಂಡು ಬೆಳಗಿಂದ ಸಂಜೆಯವರೆಗೆ ಕೂತಳು. ಕೂತು ಕೂತು ಮೈ ಬೆಳೆಯಿತು, ಮಂಡಿ ಹಿಡಿಯಿತು. ಹರಕೆ ನಾಳೆ, ನಾಡಿದ್ದು, ಬರುವ ವರ್ಷ ಅಂತ ಮುಂದೆ ಮುಂದೆ ಹೋಯಿತು. ಒಂದು ಸಲ ಧೈರ್ಯ ಮಾಡಿ ಹೊರಟವಳು ಮೊದಲನೇ ಮಂಟಪದಲ್ಲೇ ಏದುಸಿರು ಬಿಟ್ಟು ಕುಸಿದಳು. ಜನ ಹಿಡಿದುಕೊಂಡು ಇಳಿಸಿದರು. ಅವತ್ತಿನಿಂದ ಅವಳಿಗೆ ಒಂದೇ ಚಿಂತೆ. ಹರಕೆ ಹೊತ್ತುಕೊಂಡೇ ಕಣ್ಣು ಮುಚ್ಚಿದರೆ ಆ ಶಿವನಿಗೆ ಏನಂತ ಮುಖ ತೋರಿಸಲಿ?

ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಎದುರು ಮಹಡಿ ಮೇಲೆ ಹೊಸ ಬೋರ್ಡು ಬಿತ್ತು. "ಸಪೂರ ಸಖಿ ಮಹಿಳಾ ಫಿಟ್‌ನೆಸ್ ಸೆಂಟರ್. ಗಂಡಸರಿಗೆ ಪ್ರವೇಶವಿಲ್ಲ." ಊರೂರಿಗೂ ಬ್ರಾಂಚು ಇರುವ ಯಾವುದೋ ದೊಡ್ಡ ಕಂಪನಿಯದಂತೆ. ಒಳಗೆ ಸುತ್ತಲೂ ಯಂತ್ರಗಳು. ಹಾಡು ಬರುತ್ತಿತ್ತು, ಗಂಟೆ ಹೊಡೆದಾಗ ಹೆಂಗಸರು ಈ ಯಂತ್ರದಿಂದ ಎದ್ದು ಆ ಯಂತ್ರಕ್ಕೆ ಹೋಗುತ್ತಿದ್ದರು. ಗೋಡೆ ಮೇಲೆ ಎರಡು ಫೋಟೋ. ಒಂದರಲ್ಲಿ ದಪ್ಪ ಹೆಂಗಸು, ಅಳುಮುಖ. ಇನ್ನೊಂದರಲ್ಲಿ ಅದೇ ಹೆಂಗಸು ಕಡ್ಡಿಯ ಹಾಗೆ, ನಗುಮುಖ.

"ಹೀಗಿದ್ದೋರು ಹೀಗಾಗ್ತೀರಿ ಆಂಟಿ," ಅಂದಳು ಸೆಂಟರ್ ನಡೆಸುವ ಸುಹಾಸಿನಿ ಮೇಡಂ. "ಊಟದ ಬದಲು ಈ ವೆನಿಲಾ ಘಮದ ಕಂಪನಿ ಪುಡಿ ಕಲಸಿ ಕುಡೀರಿ. ತಿನ್ನೋ ಪದಾರ್ಥ ಯಾವುದೂ ಕಣ್ಣಿಗೆ ಬೀಳೋ ಹಾಗೆ ಇಟ್ಕೋಬೇಡಿ."

ಮೈ ಇಳಿದರೆ ಗುಡ್ಡ ಹತ್ತಬಹುದು ಅಂತ ಶಿವನಂಜಮ್ಮ ದುಡ್ಡು ಕಟ್ಟಿ ಸೇರಿಕೊಂಡು, ಪುಡಿ ಡಬ್ಬಿ ಹಿಡಿದು ಮನೆಗೆ ಬಂದು ಮಗನಿಗೆ ಹೇಳಿದಳು. "ಗುರುಸಿದ್ದಾ, ಇವತ್ತಿಂದ ತಿನ್ನೋದು ಯಾವುದೂ ನನ್ನ ಕಣ್ಣಿಗೆ ಬೀಳಬಾರದು ನೋಡು!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಸಂಜೆ ಅವಳು ಅಡುಗೆಮನೆ ಹೊಸಿಲು ದಾಟಿದಳೋ ಇಲ್ಲವೋ, ಹಿಂದಿನಿಂದ ಬಂದು ಟವೆಲ್ಲಿನಿಂದ ಅವಳ ಕಣ್ಣು ಕಟ್ಟಿಬಿಟ್ಟ. ಅವಳು ಕೈಯಾಡಿಸಿದಳು, ಪಾತ್ರೆ ಉರುಳಿತು. ಹೆಜ್ಜೆ ಇಟ್ಟಳು, ಹಿಟ್ಟಿನ ಡಬ್ಬಿ ಮಗುಚಿತು.

"ಏನೋ ಇದು, ಕೊಲ್ತೀಯೇನೋ ನನ್ನ?"

"ಬೆಲ್ಲ ಇಲ್ಲೇ ಇದೆ, ಚಕ್ಕುಲಿ ಅಲ್ಲೇ ಇದೆ. ಕಣ್ಣಿಗೆ ಬಿತ್ತೇನವ್ವಾ?"

"ಕಣ್ಣು ಕಟ್ಟೋದಲ್ಲ ಕಣೋ ಮಂಕೇ! ತಿನ್ನೋದನ್ನ ಮನೆಯಿಂದ ಆಚೆ ಸಾಗಿಸಬೇಕು! ಬಾಗಿಲಿಗೆ ಯಾರು ಬರ್ತಾರೋ ಅವರಿಗೆ ಕೊಟ್ಟು ಕೈ ಮುಗಿದುಬಿಡು!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಮಾರನೇ ದಿನ ಶಿವನಂಜಮ್ಮ ಅಂಗಡಿಗೆ ಹೋಗಿದ್ದಾಗ ಬಳೆ ಮಾರುವವಳು ಬಂದಳು, ಚಕ್ಕುಲಿ ಕೊಟ್ಟ, ಕೈ ಮುಗಿದ. ಹಳೇ ಪೇಪರಿನವನು ಬಂದ, ಬೆಲ್ಲ ಕೊಟ್ಟ, ಕೈ ಮುಗಿದ. ಕರೆಂಟಿನ ಮೀಟರ್ ನೋಡುವವನು ಬಂದ, ಅಕ್ಕಿ, ಬೇಳೆ, ರಾಗಿಹಿಟ್ಟು ಎಲ್ಲಾ ಕೊಟ್ಟು ಕೈ ಮುಗಿದ. ಕೊನೆಗೆ ಜೋಳಿಗೆ ಹಾಕಿಕೊಂಡು ಮಠದ ಅಯ್ಯನೋರು ಭಿಕ್ಷಕ್ಕೆ ಬಂದರು. ಮನೆಯಲ್ಲಿ ಉಳಿದಿದ್ದು ಕಂಪನಿ ಪುಡಿ ಒಂದೇ. ಗುರುಸಿದ್ದ ಡಬ್ಬಿಯನ್ನು ಬೋರಲು ಹಾಕಿ, ತಳ ಬಡಿದು ಬಡಿದು, ಪೂರ್ತಿ ಅವರ ಜೋಳಿಗೆಗೆ ಸುರಿದ. ಉದ್ದಕ್ಕೆ ಅಡ್ಡಬಿದ್ದ.

ಅಯ್ಯನೋರು ದೊಡ್ಡ ಮನಸ್ಸಿನವರು. ಕೊಟ್ಟಿದ್ದನ್ನು ಬೇಡ ಅಂದವರೇ ಅಲ್ಲ. ಮಾರನೇ ದಿನ ಮಾತ್ರ ಅವರೇ ಬಂದರು. "ನಂಜಮ್ಮಾ, ಇದೆಂಥಾ ಭಿಕ್ಷ ತಾಯಿ? ಅಕ್ಕಿ ಜೊತೆ ಬೆಂದು ಮಠದ ಅನ್ನವೆಲ್ಲ ಐಸ್‌ಕ್ರೀಮ್ ವಾಸನೆ! ದೊಡ್ಡ ಸ್ವಾಮಿಗಳು ಉಂಡು ನೋಡಿದರು. ಇನ್ನೊಂದು ತುತ್ತು ಹಾಕಿ ಅಂದರು, ಅಷ್ಟೇ."

ಅಯ್ಯನೋರು ಅತ್ತ ಹೋದರು, ಶಿವನಂಜಮ್ಮ ಇತ್ತ ತಿರುಗಿದಳು. "ಆ ಡಬ್ಬಿ ಕೊಡೋದಲ್ಲ ಕಣೋ, ಕಾಪಾಡೋದು! ಹೊಸ ಡಬ್ಬಿ ತಂದಿದೀನಿ. ದೇವರ ಹಾಗೆ ನೋಡ್ಕೋ! ಯಾರೇ ಬರಲಿ, ಕೈ ಹಾಕೋಕೆ ಬಿಡಬೇಡ!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಬೆಳಗ್ಗೆ ಎದ್ದು ನೋಡುತ್ತಾಳೆ, ದೇವರ ಗೂಡಿನಲ್ಲಿ ಪುಡಿ ಡಬ್ಬಿ! ಮೂರು ಬೆರಳು ವಿಭೂತಿ, ಮೇಲೊಂದು ದಾಸವಾಳ, ಮುಂದೆ ದೀಪ. ಪಕ್ಕದ ಮನೆ ಪುಟ್ಟೀರಮ್ಮ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ಯಾವ ದೇವರಪ್ಪಾ ಇದು, ಮುಚ್ಚಳ ಎಲ್ಲಾ ಇದೆ?" ಅಂತ ಕೇಳುತ್ತಲೂ ಇದ್ದಳು.

ಶಿವನಂಜಮ್ಮ ಹಸಿದಿದ್ದಳು. ಕೈ ಚಾಚಿದಳು. ಗುರುಸಿದ್ದ ಅಡ್ಡ ನಿಂತ.

"ಕೊಡೋ, ಹೊಟ್ಟೆ ಚುರುಗುಡ್ತಾ ಇದೆ!"

"ಯಾರೇ ಬಂದ್ರೂ ಕೈ ಹಾಕಿಸಬೇಡ ಅಂದಿದ್ದೆ ಅವ್ವಾ."

"ಹೇಳಿದೋಳೇ ನಾನಲ್ವೇನೋ?"

"ಹೌದು. ನೀನೂ ಬಂದೋರಲ್ಲಿ ಒಬ್ಬಳೇ ತಾನೆ?"

ಪುಟ್ಟೀರಮ್ಮ ಬಾಯಿಗೆ ಸೆರಗಿಟ್ಟುಕೊಂಡು ಹೊರಗೆ ಓಡಿದಳು. ಶಿವನಂಜಮ್ಮ ಹಣೆ ಹಣೆ ಬಡಿದುಕೊಂಡಳು. "ಪೂಜೆ ಮಾಡೋದಲ್ಲ ಕಣೋ! ಹಸಿದೋರಿಗೆ ಏನು ಬೇಕೋ ಅದನ್ನ ಬಾಯಿಬಿಟ್ಟು ಕೇಳೋಕೆ ಮುಂಚೆ ತಂದು ಕೈಗಿಡಬೇಕು! ನಾನು ಎಲ್ಲಿದ್ರೂ ಸರಿ, ಹುಡ್ಕೊಂಡು ಬಂದು ಕೊಡಬೇಕು!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಈಗ ಒಂದು ಮಾತು. ಪುಡಿ ಕುಡಿಯುವವರು ಹಗಲು ಹಸಿವು ತಡೆಯಬಹುದು, ನಿದ್ದೆಯಲ್ಲಿ ತಡೆಯುವುದು ಕಷ್ಟ. ಶಿವನಂಜಮ್ಮ ನಿದ್ದೆಗಣ್ಣಲ್ಲಿ ದಿನಾ ಕನವರಿಸುತ್ತಿದ್ದಳು. "ಮುದ್ದೆ... ಅವರೆಕಾಳು ಸಾರು..." ಗುರುಸಿದ್ದ ಕೇಳಿಸಿಕೊಂಡಿದ್ದ. ಅವ್ವ ಏನು ಬೇಕು ಅಂತ ಎಚ್ಚರದಲ್ಲಿ ಕೇಳುವ ಮುಂಚೆಯೇ ಅವನಿಗೆ ಗೊತ್ತಾಗಿತ್ತಲ್ಲ! ಪುಟ್ಟೀರಮ್ಮನನ್ನು ಕಾಡಿ ಬೇಡಿ, ತಪ್ಪಲೆ ತುಂಬ ಸಾರು, ಬುಟ್ಟಿ ತುಂಬ ಮುದ್ದೆ ಹೊತ್ತುಕೊಂಡು ಸಪೂರ ಸಖಿಯ ಮೆಟ್ಟಿಲು ಹತ್ತಿದ. ಬೋರ್ಡು ಓದಿದ. ಬೋರ್ಡು ಬರೆದವರು ಅವ್ವ ಅಲ್ಲ. ಒಳಗೆ ಹೋದ.

"ಗಂಡಸು! ಗಂಡಸು!" ಅಂತ ಹೆಂಗಸರೆಲ್ಲ ಕಿರುಚಿದರು.

"ಗಂಡಸಲ್ಲ ಅಕ್ಕಾ, ಗುರುಸಿದ್ದ!"

ಸುಹಾಸಿನಿ ಮೇಡಂ ಬಾಗಿಲು ತೋರಿಸಿದಳು. ಅಷ್ಟರಲ್ಲಿ ತಪ್ಪಲೆಯ ಮುಚ್ಚಳ ಸರಿಯಿತು. ಅವರೆಕಾಳು ಸಾರಿನ ಘಮ ಯಂತ್ರ ಯಂತ್ರಕ್ಕೂ ಒಂದು ಸುತ್ತು ಬಂತು. ಗಂಟೆ ಹೊಡೆಯಿತು. ಯಾರೂ ಮುಂದಿನ ಯಂತ್ರಕ್ಕೆ ಹೋಗಲಿಲ್ಲ, ಎಲ್ಲರೂ ತಪ್ಪಲೆಯ ಕಡೆಗೇ ಹೋದರು.

ಬ್ಯಾಂಕಿನ ಚಂಪಕಮಾಲಾ ತುತ್ತು ನುಂಗಿ ನಿಟ್ಟುಸಿರು ಬಿಟ್ಟಳು. "ಇಂಥಾ ಕಡೆ ನಾನು ಸೇರ್ತಾ ಇರೋದು ಇದೇ ಮೊದಲಲ್ಲ ಕಣ್ರೀ. ಪುಡಿ ಕುಡಿಯೋವರೆಗೂ ಇಳೀತೀನಿ. ಬಿಟ್ಟ ತಕ್ಷಣ, ಹೋಗಿದ್ದ ತೂಕ ನೆಂಟರನ್ನೂ ಕರ್ಕೊಂಡು ವಾಪಸ್ ಬರುತ್ತೆ!"

"ಅದ್ಸರಿ ಮೇಡಂ," ಅಂದಳು ಶಿವನಂಜಮ್ಮ, "ಆ ಫೋಟೋದ ಹೆಂಗಸು ಈಗ ಹೇಗಿದ್ದಾಳೆ?"

"ಗೊತ್ತಿಲ್ಲ ಆಂಟಿ. ಕಂಪನಿಯೋರು ಈ ಎರಡೇ ಕಳಿಸಿದ್ದು. ಆಮೇಲಿನ ಫೋಟೋ ಯಾರೂ ಕಳಿಸಲ್ಲ." ಸುಹಾಸಿನಿ ಸುತ್ತ ನೋಡಿ, ತಾನೂ ಒಂದು ತುತ್ತು ಮುರಿದುಕೊಂಡಳು. "ಯಂತ್ರ ಸುಳ್ಳಲ್ಲ. ಮೈ ಅಲ್ಲಾಡಿಸಿದ್ರೆ ಒಳ್ಳೇದೇ, ನಾಲ್ಕು ಜನ ಸೇರಿದ್ರೆ ಮನಸ್ಸಿಗೂ ಒಳ್ಳೇದು. ಆದ್ರೆ ಇಲ್ಲಿ ಅರ್ಧ ಗಂಟೆ ಅಲ್ಲಾಡಿಸಿ, ಆಟೋದಲ್ಲಿ ಮನೆಗೆ ಹೋಗಿ, ದಿನವೆಲ್ಲ ಕೂತ್ರೆ ನಾನೇನು ಮಾಡ್ಲಿ? ಊಟ ಬಿಡಬೇಡಿ ಆಂಟಿ, ಹಿತವಾಗಿ ಉಣ್ಣಿ. ದಿನಾ ನಡೀರಿ. ಇದನ್ನ ನಾನು ಹೇಳಿದೆ ಅಂತ ಕಂಪನಿಯೋರಿಗೆ ಮಾತ್ರ ಹೇಳಬೇಡಿ."

ಕೆಟ್ಟ ಹೆಣ್ಣಲ್ಲ ಅವಳು. ಉಣ್ಣುವ ಬಾಯಿಗೆ ಸತ್ಯ ಬರುವ ಹಾಗೆ ಮಾಡುವವನೂ ಆ ಶಿವನೇ ತಾನೆ.

ಆದರೆ ಶಿವನಂಜಮ್ಮನಿಗೆ ನಾಚಿಕೆಯೋ ನಾಚಿಕೆ. ಮಗನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಬಂದು, ತನ್ನ ಚೀಲ ಅವನ ಹೆಗಲಿಗೆ ಹಾಕಿದಳು. "ಹೆಂಗಸರಿರೋ ಕಡೆಗೂ ಹಿಂದೆ ಹಿಂದೆ ಬರ್ತೀಯೇನೋ? ಇನ್ಮೇಲೆ ನನ್ನ ಹಿಂದೆ ಬರಬೇಡ, ಮುಂದೆ ನಡಿ! ತಿರುಗಿ ನೋಡಬೇಡ! ನಾನೇ ಕೂಗಿದ್ರೂ ನಿಲ್ಲಬೇಡ!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಹೊರಟ. ಅವನ ಹೆಗಲಲ್ಲಿ ಅವಳ ಚೀಲ, ಚೀಲದಲ್ಲಿ ಮನೆ ಬೀಗದ ಕೈ, ಆಟೋದ ದುಡ್ಡು.

"ಲೇ, ಚೀಲ ಕೊಡೋ! ನಿಲ್ಲೋ!"

ನಿಲ್ಲಲಿಲ್ಲ. ಪೇಟೆ ಬೀದಿ ದಾಟಿದ, ಸಂತೆ ಮಾಳ ದಾಟಿದ, ಗುಡ್ಡದ ಬುಡದವರೆಗೆ ಹೋಗಿ ಸುತ್ತಿಕೊಂಡು ಬಂದ. ಮನೆ ಬಾಗಿಲು ಅಡ್ಡ ಬಂದಾಗಲೇ ನಿಂತಿದ್ದು. ಹಿಂದೆ ಶಿವನಂಜಮ್ಮ, ಕಟ್ಟೆ ಕಂಡಲ್ಲಿ ಕೂತು, ಗೋಡೆ ಕಂಡಲ್ಲಿ ಒರಗಿ, ಕತ್ತಲಾಗುವ ಹೊತ್ತಿಗೆ ಬಂದಳು. "ಇನ್ಮೇಲೆ ನಾನು ಕೂಗಿದ್ರೆ ನಿಲ್ಲಬೇಕು!" ಅಂತ ಕೂಗಿದಳು. ಕೂಗಿದರೂ ನಿಲ್ಲಬೇಡ ಅಂದವಳೂ ಅವಳೇ, ಈ ಮಾತನ್ನೂ ಕೂಗಿಯೇ ಹೇಳಿದ್ದಳಲ್ಲ! ಮರುದಿನವೂ ಚೀಲ ಹೊತ್ತು ಹೊರಟ. ಅದರ ಮರುದಿನವೂ ಹೊರಟ.

ಪುಡಿ ಬಿಟ್ಟಳು. ಒಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಹಿಡಿದಳು. ಯಂತ್ರಕ್ಕೂ ಹೋದಳು, ಚಂಪಕಮಾಲಾಳ ಮಾತು ಕೇಳುವುದಕ್ಕಾದರೂ ಹೋದಳು. ಮತ್ತೆ ದಿನಾ ಮಗನ ಹಿಂದೆ, ಬೈಯುತ್ತಾ. ಮೊದಮೊದಲು ಒಂದು ಬೀದಿಗೆ ಒಂದು ಬೈಗುಳಕ್ಕಷ್ಟೇ ಉಸಿರಿತ್ತು. ಆಮೇಲೆ "ಹಾಳಾಗಿ ಹೋಗ" ಅಂತ ಪೇಟೆ ಬೀದಿಯಲ್ಲಿ ಶುರು ಮಾಡಿದರೆ ಸಂತೆ ಮಾಳದವರೆಗೂ ಉಸಿರು ಎಳೆಯದೆ ಬೈಯುತ್ತಿದ್ದಳು. ಬುಡದಿಂದ ಮೊದಲನೇ ಮಂಟಪಕ್ಕೂ ಬೈಯುತ್ತಲೇ ಹತ್ತಿ ಇಳಿದಳು.

"ತೂಕದ ಮುಳ್ಳು ಸ್ವಲ್ಪವೇ ಇಳಿದಿದೆ ಆಂಟಿ," ಅಂದಳು ಸುಹಾಸಿನಿ, ಬೇಜಾರಿನಿಂದ.

"ಮುಳ್ಳಿನ ಹರಕೆ ಅಲ್ಲಮ್ಮ ನಂದು," ಅಂದಳು ಶಿವನಂಜಮ್ಮ.

ಒಂದು ಸೋಮವಾರ ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಧರಿಸಿ, ತಾಮ್ರದ ಬಿಂದಿಗೆಗೆ ಬಾವಿ ನೀರು ತುಂಬಿ, ಮಗನ ಹೆಗಲಿಗೆ ಕೊಟ್ಟಳು. ಗುರುಸಿದ್ದ ಮುಂದೆ, ಅವ್ವ ಹಿಂದೆ. ಮೊದಲನೇ ಮಂಟಪ ಬಂತು, ಕೂರಲಿಲ್ಲ. ಎರಡನೇದು ಬಂತು, ಒರಗಲಿಲ್ಲ. ಮಂಡಿ ನೋಯಿತು. "ಮಲ್ಲಪ್ಪಾ" ಅಂದಳು. ಇನ್ನೊಂದು ಮೆಟ್ಟಿಲು. "ಮಲ್ಲಪ್ಪಾ." ಇನ್ನೊಂದು. ತಲೆಯೆತ್ತಿದರೆ ದೇವಸ್ಥಾನದ ಬಾಗಿಲು! ಒಳಗೆ ದೀಪ, ದೀಪದ ಬೆಳಕಲ್ಲಿ ಮಲ್ಲಪ್ಪ! ಕಣ್ಣಲ್ಲಿ ನೀರು ಬಂತು.

"ಬಿಂದಿಗೆ ತಗೊಂಡು ಬಾರೋ ಗುರುಸಿದ್ದಾ!"

ಗುರುಸಿದ್ದ ಎಲ್ಲಿ? ಬಾಗಿಲ ಮುಂದೆ ಹಾದು, ಅಂಗಳ ದಾಟಿ, ಆಚೆ ಕಡೆಯ ಮೆಟ್ಟಿಲು ಇಳಿಯುತ್ತಿದ್ದ!

"ನಿಲ್ಲೋ! ದೇವರು ಇಲ್ಲಿದ್ದಾನೆ ಕಣೋ!"

ಅವನು ನಿಲ್ಲುತ್ತಾನೆಯೇ? ಶಿವನಂಜಮ್ಮ ಮಲ್ಲಪ್ಪನ ಕಡೆ ಕೈ ಮುಗಿದು, "ಇರು ತಂದೆ, ಬಂದೆ," ಅಂದು ಮಗನ ಹಿಂದೆ ಇಳಿದಳು. ಬುಡದಲ್ಲಿ ಕಲ್ಯಾಣಿ ಅಡ್ಡ ಬಂತು, ಅವನು ನಿಂತ. ಅವಳು ಹೋಗಿ ಅವನ ಕಿವಿ ಹಿಡಿದಳು.

"ದೇವರ ಮುಂದೇನೂ ನಿಲ್ಲಬಾರದೇನೋ?"

"ನೋಡಿದೆ ಅವ್ವಾ, ಇದ್ದ. ಅವನೂ ನಿಲ್ಲು ಅನ್ನಲಿಲ್ಲ."

"ಅಯ್ಯೋ ನನ್ನ ಶಿವನೇ! ನೀನು ನಡೆದಿದ್ದು ಸಾಕು! ನಾನು ಮೇಲೆ ಹೋಗಿ ಬರೋವರೆಗೂ ಇಲ್ಲೇ ನಿಂತಿರು! ಒಂದು ಹೆಜ್ಜೆ ಅಲ್ಲಾಡಿದ್ರೆ ನೋಡು!"

"ಇಷ್ಟೇ ತಾನೆ? ಆಗಲಿ ಅವ್ವಾ!"

ಸೀರೆ ಎತ್ತಿ ಕಟ್ಟಿದಳು. ಬೈಯುತ್ತಾ ಹತ್ತಿದಳು, ಹತ್ತುತ್ತಾ ಬೈದಳು. ಗುಡ್ಡ ಮುಗಿಯಿತು, ಬೈಗುಳ ಮುಗಿಯಲಿಲ್ಲ. ಗರ್ಭಗುಡಿಯ ಮುಂದೆ ನಿಂತು ಎರಡು ಕೈ ಮುಂದೆ ಚಾಚಿದಳು. ಕೈ ಖಾಲಿ!

ಓಡಿ ಬಂದು ಕೆಳಗೆ ಬಗ್ಗಿ ನೋಡಿದಳು. ಕಲ್ಯಾಣಿ ಪಕ್ಕದಲ್ಲಿ ಗುರುಸಿದ್ದ, ಅವನ ಹೆಗಲ ಮೇಲೆ ಬಿಂದಿಗೆ.

"ಬಿಂದಿಗೆ ತಗೊಂಡು ಬಾರೋ!"

"ಅಲ್ಲಾಡಬೇಡ ಅಂದಿದ್ದೆ ಅವ್ವಾ!"

ಪೂಜಾರಪ್ಪ ಹೊರಗೆ ಬಂದರು. "ಏನಮ್ಮಾ, ಅಭಿಷೇಕದ ನೀರೆಲ್ಲಿ? ಬಾಗಿಲು ಹಾಕೋ ಹೊತ್ತಾಯಿತು."

"ಕೆಳಗೆ ಮಗನ ಹತ್ರ ಇದೆ ಸ್ವಾಮಿ," ಅಂದಳು ಶಿವನಂಜಮ್ಮ, ಆಗಲೇ ಎರಡು ಮೆಟ್ಟಿಲು ಇಳಿದುಕೊಂಡು. "ಒಂದ್ಗಳಿಗೆ ಹಾಕಬೇಡಿ. ಈಗ ಹೋಗಿ, ಈಗ ಬಂದುಬಿಟ್ಟೆ."